ಕರಿ ರೇಷ್ಮೆಯ ಮೂರು ಗಂಟು

ನಮ್ಮ ಮನೆಗೆ ಡಿಗ್ರಿ ಬರುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ತಾಯಲೂರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ನಾಲ್ಕು ಜನರ ಮುಂದೆ, ಅಪ್ಪನಿಗೆ ಅಂದರು: “ಸೂಜಿ ಚುಚ್ಚೋಕೂ ಡಿಗ್ರಿ ಬೇಕೇನ್ಲಾ? ನಮ್ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಗಂಡಸೇ ಇಲ್ಲ, ಇವಳು ಡಿಗ್ರಿ ತತ್ತಾಳಂತೆ. ಆಗೋ ಮಾತು ಆಡ್ಲಾ.” ಅಪ್ಪ ಟೀ ಕುಡಿದು ಬಂದರು.

ಎರಡನೆಯವರು ಸಿಸ್ಟರು.

ಕೋಲಾರದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ, ನರ್ಸಿಂಗ್ ಡಿಗ್ರಿಯ ಕೊನೆಯ ವರ್ಷದ ನಮ್ಮ ಐದು ಜನರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಅಂಗೈಯನ್ನೂ ತಿರುಗಿಸಿ ನೋಡಿದರು. ಅದು ತೊಂಬತ್ತರ ದಶಕದ ಕೊನೆ. ನನ್ನ ಕೈ ಹಿಡಿದಾಗ ಅವರ ಹೆಬ್ಬೆರಳು ಅಲ್ಲೇ ನಿಂತಿತು.

“ಇದು ರೇಷ್ಮೆ ಸೊಪ್ಪು ಕುಯ್ದ ಕೈ. ಒರಟು. ನಮ್ ದಾರ ಇದಕ್ಕೆ ಸಿಕ್ಕಿಹಾಕ್ಕೊಳ್ಳತ್ತೆ. ನಿನ್ ಕೈಲಿ ಆಗಲ್ಲ ಕಣೇ, ವಾರ್ಡಿಗೆ ಹೋಗು.”

“ದಾರ ನಮ್ಮನೇದೇ ಸಿಸ್ಟರ್. ಹುಳ ಸಾಕೋರು ನಾವು, ಗೂಡಿಂದ ಎಳೆ ಬಿಚ್ಚೋದು ನಮ್ಮಮ್ಮ” ಅಂದೆ.

ಉಳಿದ ನಾಲ್ವರು ಕಿಸಕ್ಕನೆ ನಕ್ಕರು. ಸಿಸ್ಟರು ನಗಲಿಲ್ಲ. “ಹಾಗಾದ್ರೆ ನಾಳೆ ಏಳು ಗಂಟೆಗೆ ಬಾ. ಉಗುರು ಕತ್ತರಿಸ್ಕೊಂಡು” ಅಂದರು.

ಅವರು ಹೋದ ತಿಂಗಳು ಮುಳಬಾಗಿಲಿನಲ್ಲಿ, ತಮ್ಮ ಅಣ್ಣನ ಮಗನ ಮನೆಯಲ್ಲಿ ತೀರಿಕೊಂಡರು. ನನಗೆ ಸುದ್ದಿ ಬರುವ ಹೊತ್ತಿಗೆ ಹನ್ನೊಂದನೇ ದಿನದ ಕಾರ್ಯವೂ ಮುಗಿದಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಿದ್ದರೆ “ಹೆಸರ್ಯಾಕೆ, ಮಾಡಿದ್ ಕೆಲಸ ಬರಿ” ಅನ್ನುತ್ತಿದ್ದರು. ಅವರು ಮಾಡಿದ್ದು ಬರೆಯಬೇಕಾದರೆ ನಾನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ. ಇಷ್ಟು ವರ್ಷ ಸುಮ್ಮನಿದ್ದದ್ದು ಅದಕ್ಕೇ.

ಮುಳಬಾಗಿಲಿನ ಹಳೇ ಶಾನುಭೋಗರ ಮನೆಯ ಮಗಳು ಅವರು. ರಕ್ತ ಮುಟ್ಟುವ ಕೆಲಸಕ್ಕೆ ಸೇರಿದ ಮೇಲೆ ಅವರ ತಂದೆ ಸಾಯುವ ತನಕ ಅವರ ಕೈಯಿಂದ ಒಂದು ಲೋಟ ನೀರು ಇಸಿದುಕೊಳ್ಳಲಿಲ್ಲವಂತೆ. ಇದನ್ನು ಅವರು ಹೇಳಿದ್ದು ಒಂದೇ ಸಲ, ಕೈ ತೊಳೆಯುವ ತೊಟ್ಟಿಯ ಮುಂದೆ, ಮೊಣಕೈವರೆಗೆ ಸೋಪು ಹಚ್ಚಿಕೊಂಡು. “ನಮ್ಮಪ್ಪಂಗೆ ಈ ಕೈ ಎಷ್ಟು ತೊಳೆದ್ರೂ ಸಾಕಾಗ್ತಿರ್ಲಿಲ್ಲ. ಡಾಕ್ಟರಮ್ಮಂಗೆ ಐದು ನಿಮಿಷ ತೊಳೆದ್ರೆ ಸಾಕು” ಅಂದು ನೀರು ಬಿಟ್ಟರು. ಅವರ ನಗು ಅಷ್ಟೇ, ಮಾತಿನ ಕೊನೆಯಲ್ಲಿ ಮೂಗಿನಿಂದ ಒಂದು ಉಸಿರು.

ಮಾತೆಲ್ಲ ಕನ್ನಡ, ಎಣಿಕೆ ಮಾತ್ರ ತೆಲುಗು. ಆಪರೇಷನ್ನಿಗೆ ಮುಂಚೆ, ಹೊಟ್ಟೆ ಮುಚ್ಚುವ ಮುಂಚೆ, ಮುಚ್ಚಿದ ಮೇಲೆ, ಹೀಗೆ ಮೂರು ಸಲ ಎಣಿಸುವರು. “ಒಕಟಿ, ರೆಂಡು, ಮೂಡು...” ಸೂಜಿ, ರಕ್ತ ಒತ್ತುವ ಬಟ್ಟೆ, ಚಿಮಟ, ದಾರದ ರೀಲು. ಆಪರೇಷನ್ ಮಾಡುವ ಡಾಕ್ಟರಮ್ಮ ಕೈ ಎತ್ತಿಕೊಂಡು ಕಾಯುತ್ತಿದ್ದರು. ಅವರಿಗೂ ಅದು ಮುಗಿಯುವ ತನಕ ಮುಂದಿನ ಹೊಲಿಗೆ ಇಲ್ಲ. ಯಾಕೆ ಸಿಸ್ಟರ್ ತೆಲುಗಲ್ಲಿ ಅಂತ ಕೇಳಿದ್ದಕ್ಕೆ, “ನಮ್ಮಜ್ಜಿ ಕಲಿಸಿದ ಎಣಿಕೆ. ಬೇರೆ ಭಾಷೇಲಿ ನಂಗೆ ನಂಬಿಕೆ ಇಲ್ಲ” ಅಂದರು.

ಮಾಂಸ ಮುಟ್ಟದ ಮನೆಯ ಈ ಹೆಂಗಸು, ವಾರಕ್ಕೊಮ್ಮೆ ಬಿಳಿ ಸೀರೆಯಲ್ಲೇ ಮಟನ್ ಅಂಗಡಿಗೆ ಹೋಗಿ ಕುರಿಯ ಬೋಟಿ ತರುತ್ತಿದ್ದರು. ಅಂಗಡಿಯವನು ಪ್ರತಿ ಸಲವೂ, “ಏನ್ ಸಿಸ್ಟರಮ್ಮ, ಇವತ್ತು ಗೊಜ್ಜಾ, ಫ್ರೈಯಾ?” ಅನ್ನುತ್ತಿದ್ದ. “ಇವತ್ತು ಹೊಲಿಗೆ ಕಣಪ್ಪ, ತೊಳೆದು ಕೊಡು” ಅನ್ನುತ್ತಿದ್ದರು. ಹೊಲಿಗೆ ಹಾಕುವುದು ಡಾಕ್ಟರ ಕೆಲಸ, ನಮ್ಮದು ಸೂಜಿಗೆ ದಾರ ಪೋಣಿಸಿ ಕೈಗೆ ಕೊಡುವುದು. ಆದರೂ ಕೊಡುವ ಕೈಗೆ ಹೊಲಿಗೆ ಗೊತ್ತಿರಬೇಕು ಅನ್ನುವುದು ಅವರ ಹಟ. ಆ ಬೋಟಿಯನ್ನು ಟ್ರೇಯಲ್ಲಿ ಹರಡಿ, ಸಡಿಲವಾದ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ಮಡಿಸುತ್ತಿದ್ದರು.

“ಸೀರೆ ನೆರಿಗೆ ಹೆಂಗ್ ಹಿಡೀತೀಯ, ಹಂಗೇ. ಒಂದರ ಮೇಲೊಂದು ಕೂತ್ಕೋಬೇಕು. ಜಾಸ್ತಿ ಬಿಗಿದ್ರೆ ದಾರಾನೇ ಮಾಂಸ ಕುಯ್ದುಬಿಡತ್ತೆ. ಸಡಿಲ ಬಿಟ್ರೆ ನೆರಿಗೆ ಬಿಚ್ಕೊಳ್ಳತ್ತೆ. ನಡೀಬೇಕಾದ್ರೆ ಸೀರೆ ಬಿಚ್ಕೊಂಡ್ರೆ ಹೆಂಗಿರತ್ತೆ ಹೇಳು?”

ನಮ್ಮ ಆಸ್ಪತ್ರೆಗೆ ಸೀರೆಯ ಮಾತು ಸುಮ್ಮನೆ ಬಂದದ್ದಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಗರ್ಭ ಜಾರಿದ ಹೆಂಗಸರು ಬರುತ್ತಿದ್ದರು. ಹೆತ್ತು ಎರಡು ವಾರಕ್ಕೆ ಬಿಂದಿಗೆ ಹೊತ್ತವರು, ತಿಂಗಳಿಗೆ ಟೊಮೇಟೊ ತೋಟಕ್ಕೆ ಬಗ್ಗಿದವರು. “ಕೆಳಗೆ ಏನೋ ಬಂದಂಗೈತೆ” ಅನ್ನುವುದಕ್ಕೇ ಅವರಿಗೆ ಎರಡು ವರ್ಷ ಬೇಕಾಗುತ್ತಿತ್ತು. ಇನ್ನೂ ಮಕ್ಕಳು ಬೇಕು ಅನ್ನುವ ಎಳೆಯ ವಯಸ್ಸಿನವರಿಗೆ ಡಾಕ್ಟರಮ್ಮ ಗರ್ಭಕೋಶ ತೆಗೆಯುತ್ತಿರಲಿಲ್ಲ, ಎತ್ತಿ ಕಟ್ಟುತ್ತಿದ್ದರು. ನೂಲಿನ ಟೇಪಿನ ಒಂದು ತುದಿಯನ್ನು ಗರ್ಭಕೋಶಕ್ಕೆ ಹೊಲಿದು, ಇನ್ನೊಂದು ತುದಿಯನ್ನು ಬೆನ್ನುಮೂಳೆಯ ಮುಂದಿರುವ ಗಟ್ಟಿ ಪೊರೆಗೆ ಕಚ್ಚಿಸಬೇಕು. ಸುತ್ತ ಜೋತುಬಿದ್ದ ಪೊರೆಯನ್ನು ನೆರಿಗೆ ಹಿಡಿದು ಹೊಲಿಯಬೇಕು. ಮೂಳೆಯ ಮುಂದಿನ ಆ ಹೊಲಿಗೆಯನ್ನು ಡಾಕ್ಟರಮ್ಮ ಆಂಕರ್ ಅನ್ನುತ್ತಿದ್ದರು. ಸಿಸ್ಟರಿಗೆ ಅದು ಗೂಟದ ಹೊಲಿಗೆ. “ಹಸು ಎಷ್ಟು ಎಳೆದ್ರೂ ಗೂಟ ಕೀಳಬಾರದು. ಆ ಹೊಲಿಗೆಗೆ ಒಳ್ಳೇ ದಾರ ಕೊಡಿ, ಮಿಕ್ಕಿದ್ದು ದೇವರು ನೋಡ್ಕೊಳ್ತಾನೆ.”

ದಾರ ಅಂದರೆ ಕರಿ ರೇಷ್ಮೆ. ಆಗ ಅದು ರೀಲಿನಲ್ಲಿ ಬರುತ್ತಿತ್ತು. ಡ್ರಮ್ಮಿನಲ್ಲಿಟ್ಟು ಆಟೋಕ್ಲೇವಿನ ಹಬೆಯಲ್ಲಿ ಬೇಯಿಸಿ, ಬೇಕಾದಷ್ಟು ಕತ್ತರಿಸಿಕೊಂಡು, ಉಳಿದದ್ದನ್ನು ಮುಂದಿನ ಕೇಸಿಗೆ ಮತ್ತೆ ಬೇಯಿಸುವುದು. ಬೇಯಿಸಿದಷ್ಟೂ ರೇಷ್ಮೆ ಸಾಯುತ್ತದೆ. ಅದಕ್ಕೆ ಸಿಸ್ಟರು ಒಂದು ಪದ್ಧತಿ ಮಾಡಿದ್ದರು. ಒಂದು ಸಲ ಬೇಯಿಸಿದರೆ ರೀಲಿನಲ್ಲಿ ಉಳಿದ ದಾರದ ತುದಿಗೆ ಒಂದು ಗಂಟು, ಎರಡು ಸಲಕ್ಕೆ ಎರಡು. ಮೂರನೇ ಗಂಟು ಬಿದ್ದ ರೀಲು, ಎಷ್ಟೇ ದಾರ ಉಳಿದಿರಲಿ, ಬುಟ್ಟಿಗೆ.

ಆ ಬುಟ್ಟಿಯೇ ನನಗೆ ಆಗಿಬರಲಿಲ್ಲ.

ನಮ್ಮಮ್ಮ ರೇಷ್ಮೆ ಬಿಚ್ಚುವ ಮನೆಗೆ ಕೂಲಿಗೆ ಹೋಗುತ್ತಿದ್ದಳು. ಕುದಿಯುವ ನೀರಲ್ಲಿ ಗೂಡು ತಿರುಗಿಸಿ ಎಳೆ ಹಿಡಿಯುವ ಬೆರಳುಗಳು ಬೆಳ್ಳಗೆ ಬೆಂದು, ತುದಿಯಲ್ಲಿ ಚರ್ಮವೇ ಇರುತ್ತಿರಲಿಲ್ಲ. ನನ್ನ ಮೊದಲನೇ ವರ್ಷದ ಪುಸ್ತಕ ಬಂದದ್ದು ಆ ಬೆರಳಿನ ಕೂಲಿಯಿಂದ. ಮನೆಯಲ್ಲಿ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯಿಂದ ಗೂಡು ಬಿಡಿಸುವಾಗ ನೆಲಕ್ಕೆ ಬಿದ್ದ ಜುಂಗಿನ ಎಳೆಯನ್ನೂ ಆರಿಸಿ ಇಡುತ್ತಿದ್ದವರು ನಾವು. ಅಂಥವಳ ಕೈಗೆ ಸಿಸ್ಟರು ಇನ್ನೂ ಹೆಚ್ಚುಕಡಿಮೆ ತುಂಬಿದ್ದ ಕರಿ ರೇಷ್ಮೆ ರೀಲು ಕೊಟ್ಟು “ಎಸೆದ್ಬಿಡು” ಅಂದರು. ನಾನು ಎಸೆಯಲಿಲ್ಲ, ಏಪ್ರನ್ ಜೇಬಿಗೆ ಹಾಕಿಕೊಂಡೆ. ಬೆಂಚಿನ ಕಾಲಿಗೆ ಗಂಟು ಹಾಕಿ ಕಲಿಯುವುದಕ್ಕೆ ಇರಲಿ ಎಂದು. ಕಲಿಯುವಾಗ ತುದಿಯ ಗಂಟು ಅಡ್ಡ ಬರುತ್ತದೆಂದು ಮೂರನ್ನೂ ಉಗುರಿನಲ್ಲಿ ಬಿಚ್ಚಿದೆ. ಗಂಟು ಬಿಚ್ಚುವುದು ನಮಗೆ ಮೂರು ವರ್ಷದ ಮಗುವಾಗಿದ್ದಾಗಿನಿಂದ ಬರುವ ಕೆಲಸ. ಕಲಿತು ಮುಗಿಸಿ ರೀಲನ್ನು ಕಪಾಟಿನ ಅಂಚಿನಲ್ಲಿಟ್ಟು ಮರೆತೆ.

ದೀಪಾವಳಿ ಆದ ಮೇಲಿನ ಒಂದು ಗುರುವಾರ. ಬೈರಕೂರು ಕಡೆಯ ಹೆಂಗಸು, ಇಪ್ಪತ್ತನಾಲ್ಕು ವಯಸ್ಸು, ಎರಡು ಹೆಣ್ಣುಮಕ್ಕಳು. ನನ್ನ ಕೇಸ್ ಪುಸ್ತಕಕ್ಕೆ ಅದೇ ಕೊನೆಯ ಕೇಸು. ಸಿಸ್ಟರು ಅದಕ್ಕೆ ಸೈ ಹಾಕಿದರೆ ಪರೀಕ್ಷೆಗೆ ಕೂರಬಹುದು, ಇಲ್ಲದಿದ್ದರೆ ಇಲ್ಲ. ಡ್ರಮ್ಮು ತುಂಬಿದವಳು ನಾನೇ. ಕಪಾಟಿನಿಂದ ಮೂರು ರೀಲು ತೆಗೆದು ಹಾಕಿದೆ. ಸಿಸ್ಟರು ತುದಿ ನೋಡಿದರು, ಗಂಟಿಲ್ಲ, ಹೊಸದು ಅಂದುಕೊಂಡರು. ಎಣಿಕೆ ಸರಿಯಾಗಿತ್ತು.

ಗೂಟದ ಹೊಲಿಗೆಗೆ ದಾರ ಪೋಣಿಸಿ ಕೊಟ್ಟೆ. ಡಾಕ್ಟರಮ್ಮ ಎರಡು ಹೊಲಿಗೆ ಹಾಕಿ, ಗಂಟು ಬಿಗಿದು, ತುದಿ ಕತ್ತರಿಸಿ ನನ್ನ ಟ್ರೇಗೆ ಹಾಕಿದರು. ಆ ತುಂಡು ನನ್ನ ಮುಂದೆ ಬಿದ್ದಿತ್ತು. ಅದರಲ್ಲಿ ಮೂರು ಕಡೆ ಸುಕ್ಕು. ಬಿಚ್ಚಿದ ಗಂಟಿನ ಸುಕ್ಕು ರೇಷ್ಮೆಯಿಂದ ಹೋಗುವುದಿಲ್ಲ.

ಹೊಟ್ಟೆ ಇನ್ನೂ ತೆರೆದಿತ್ತು. ಸಿಸ್ಟರು ಎರಡನೇ ಎಣಿಕೆ ಶುರು ಮಾಡಿದ್ದರು. ನಾನು ಬಾಯಿ ಬಿಟ್ಟರೆ ಸಾಕಿತ್ತು. ಟೀ ಅಂಗಡಿಯಲ್ಲಿ ಸುಮ್ಮನೆ ಕೂತ ಅಪ್ಪನ ಮುಖ ಕಣ್ಣಿಗೆ ಬಂತು, ಕೇಸ್ ಪುಸ್ತಕದ ಕೊನೆಯ ಗೆರೆ ಕಣ್ಣಿಗೆ ಬಂತು. ಆ ತುಂಡನ್ನು ಬಟ್ಟೆಯ ಕೆಳಗೆ ತಳ್ಳಿದೆ.

ಶನಿವಾರ ಮಧ್ಯಾಹ್ನ ನಾವಿಬ್ಬರೇ ಕೂತು ಗ್ಲೌಸಿಗೆ ಪೌಡರ್ ಹಾಕುತ್ತಿದ್ದೆವು. ಆಗೆಲ್ಲ ಗ್ಲೌಸು ತೊಳೆದು ಮತ್ತೆ ಬಳಸುವ ಕಾಲ.

“ಸಿಸ್ಟರ್, ಗುರುವಾರದ ಕೇಸಿಗೆ ಕೊಟ್ಟಿದ್ದು ಮೂರು ಗಂಟಿನ ರೀಲು. ಗಂಟು ಬಿಚ್ಚಿದ್ದು ನಾನೇ.”

ಅವರು ಕೈಯಲ್ಲಿದ್ದ ಗ್ಲೌಸಿಗೆ ಗಾಳಿ ಊದಿ, ಕೆನ್ನೆಯ ಹತ್ತಿರ ಹಿಡಿದು ತೂತಿದೆಯೇ ನೋಡಿ, ಪೌಡರ್ ಹಾಕಿ ಜೋಡಿ ಮಾಡಿ ಇಟ್ಟರು. ಇನ್ನೊಂದು ತೆಗೆದರು. ಮೂರು ಜೋಡಿ ಆದ ಮೇಲೆ ಕೇಳಿದರು.

“ಯಾವಾಗ ಗೊತ್ತಾಯ್ತು? ಹೊಟ್ಟೆ ಮುಚ್ಚೋಕ್ ಮುಂಚೇನಾ, ಆಮೇಲಾ?”

“ಮುಂಚೆ.”

“ಆಮೇಲೆ ಅಂದಿದ್ರೆ ನಂಬ್ಬಿಡ್ತಿದ್ದೆ ಕಣೇ. ಯಾಕ್ ನಿಜ ಹೇಳ್ದೆ?”

“ನೀವು ಎಣಿಸೋದನ್ನ ಇನ್ನೊಂದ್ಸಲ ಕೇಳೋಕೆ ಆಗ್ತಿರ್ಲಿಲ್ಲ ಸಿಸ್ಟರ್.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ರೀಲನ್ನೂ ಒಂದು ಹೊಸ ರೀಲನ್ನೂ ತೆಗೆದುಕೊಂಡು ಡಾಕ್ಟರಮ್ಮನ ರೂಮಿಗೆ ನಡೆದರು, ನಾನು ಹಿಂದೆ. ಡಾಕ್ಟರಮ್ಮ ಹೊಸ ದಾರವನ್ನು ಎರಡೂ ಕೈಗೆ ಸುತ್ತಿ ಎಳೆದರು. ಅದು ಬೆರಳನ್ನು ಕೆಂಪಗೆ ಮಾಡಿತು, ಹರಿಯಲಿಲ್ಲ. ನನ್ನ ದಾರ ಒಂದು ಕ್ಷಣ ತಡೆದು ಟಪ್ ಅಂದಿತು.

ಮತ್ತೆ ಹೊಟ್ಟೆ ತೆರೆಯುವುದು ಈಗ ಇನ್ನೂ ಅಪಾಯ ಅಂದರು ಡಾಕ್ಟರಮ್ಮ. ಮೂರು ತಿಂಗಳು ಭಾರ ಎತ್ತದಿದ್ದರೆ ಟೇಪಿನ ಸುತ್ತ ಮಾಂಸ ತಾನೇ ಬೆಳೆದು ಹಿಡಿದುಕೊಳ್ಳುತ್ತದೆ, ದಾರದ ಮೇಲಿನ ಭಾರ ಕಡಿಮೆಯಾಗುತ್ತದೆ. “ಅವರಿಗೆ ಏನೂ ಹೇಳೋಕೆ ಹೋಗ್ಬೇಡಿ, ರೆಸ್ಟ್ ಅಂತ ಮಾತ್ರ ಹೇಳಿ.”

ಸಿಸ್ಟರು ತಲೆಯಾಡಿಸಿ ಹೊರಗೆ ಬಂದು ಥಿಯೇಟರ್ ರಿಜಿಸ್ಟರಿನಲ್ಲಿ ಗುರುವಾರದ ಪುಟ ತೆಗೆದರು. “ಮೂರು ಸಲ ಬೇಯಿಸಿದ ರೀಲು ಬಳಕೆಯಾಗಿದೆ. ಎಣಿಕೆ ನನ್ನದು” ಎಂದು ಬರೆದು ಸೈ ಹಾಕಿದರು. ನನ್ನ ಹೆಸರು ಬರೆಯಲಿಲ್ಲ. ನಾನು ಅಳುತ್ತಾ ಕೇಸ್ ಪುಸ್ತಕ ಮುಂದಿಟ್ಟೆ. ಯಾಕೆ ಇಟ್ಟೆನೋ, ಈಗ ನೆನೆದರೆ ಮೈ ಕುಗ್ಗುತ್ತದೆ.

“ಗಂಟು ಬಿಚ್ಚಬಹುದು ಅಂತ ನಂಗೆ ಹೊಳೀಲೇ ಇಲ್ಲ. ಎಣಿಕೆ ನಂದು, ಒಪ್ಕೊಂಡೆ. ಸುಮ್ನಿದ್ದಿದ್ದು ನಿಂದು. ಈ ಕೇಸು ಇನ್ನೂ ಮುಗಿದಿಲ್ಲ, ಇದಕ್ಕೆ ನಾನು ಸೈ ಹಾಕಲ್ಲ” ಅಂದು ಪುಸ್ತಕವನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು.

ಥಿಯೇಟರಿನ ಪೋಸ್ಟಿಂಗು ಆ ವಾರಕ್ಕೆ ಮುಗಿದಿತ್ತು. ಒಂದು ಕೇಸು ಕಡಿಮೆಯಾಗಿ ನಾನು ಪರೀಕ್ಷೆಗೆ ಕೂರಲಿಲ್ಲ. ದೊಡ್ಡಪ್ಪ ಅದೇ ಟೀ ಅಂಗಡಿಯಲ್ಲಿ “ನಾನ್ ಹೇಳ್ಲಿಲ್ವಾ?” ಅಂದರಂತೆ. ಊರಿಗೆ ಹೋಗಿ ಅಮ್ಮನಿಗೆ ನಡೆದದ್ದೆಲ್ಲ ಹೇಳಿದೆ. ಅವಳು ಡಿಗ್ರಿಯ ಮಾತೇ ಎತ್ತಲಿಲ್ಲ. “ಆ ಹೆಣ್ಮಗಳು ಹೆಂಗವ್ಳೆ?” ಅಂದಳು.

ರಿಜಿಸ್ಟರಿನ ಆ ಸಾಲಿಗಾಗಿ ಸಿಸ್ಟರನ್ನು ಬಟ್ಟೆ ಸ್ಟೋರಿಗೆ ಹಾಕಿದರು. ಇಪ್ಪತ್ತು ವರ್ಷ ಥಿಯೇಟರ್ ನಡೆಸಿದ ಹೆಂಗಸು ಬೆಡ್‌ಶೀಟು ಎಣಿಸುತ್ತಾ ಕೂತರು. ಅದನ್ನೂ ತೆಲುಗಲ್ಲೇ ಎಣಿಸುತ್ತಿದ್ದರು. ನಾನು ಹೊರಗೆ ನಿಂತು ಕೇಳಿ, ಒಳಗೆ ಹೋಗಲಾಗದೆ ವಾಪಸ್ ಬಂದದ್ದುಂಟು.

ಆದರೆ ತಿಂಗಳಿಗೊಂದು ಸಲ, ತಮ್ಮ ರಜೆಯ ದಿನ, ಅವರೇ ಹಾಸ್ಟೆಲಿಗೆ ಹೇಳಿ ಕಳುಹಿಸುತ್ತಿದ್ದರು. ಮುಳಬಾಗಿಲಿಗೆ ಒಂದು ಬಸ್ಸು, ಅಲ್ಲಿಂದ ಬೈರಕೂರಿಗೆ ಇನ್ನೊಂದು. ಮೊದಲನೇ ಸಲ ಹೋದಾಗ ಆ ಹೆಂಗಸು ಬಾಗಿಲಲ್ಲಿ ಕೂತು ಮಗುವಿಗೆ ತಲೆ ಬಾಚುತ್ತಿದ್ದಳು. ಅತ್ತೆ ಜಗಲಿಯ ಮೇಲಿದ್ದರು. ಸಿಸ್ಟರು ನಿಂತುಕೊಂಡೇ ಹೇಳಿದರು: “ಅಮ್ಮ, ನಿಮ್ ಸೊಸೆಗೆ ಒಳಗೆ ಹಾಕಿರೋ ದಾರ ಹಳೇದು. ತಪ್ಪು ನಮ್ಮದು. ಹೊಲಿಗೆ ನಿಲ್ಲಬೇಕು ಅಂದ್ರೆ ಮೂರು ತಿಂಗಳು ಇವಳು ನೀರು ಹೊರಬಾರದು, ಭಾರ ಎತ್ತಬಾರದು.”

ಅತ್ತೆ ಎದ್ದು ನಿಂತರು. “ತಪ್ಪು ನಿಮ್ದು, ಕೆಲ್ಸ ಬಿಡೋದು ನಾವಾ? ಚೆನ್ನಾಗೈತಮ್ಮ ನಿಮ್ ಆಸ್ಪತ್ರೆ! ನಂಗೆ ಮಂಡಿ ನೋವು. ನೀರು ಯಾರ್ ತರ್ತಾರೆ, ನೀವು ಬಂದು ತರ್ತೀರಾ?”

“ತರ್ತೀವಿ. ಬಾರೇ, ಬಿಂದಿಗೆ ಹಿಡಿ.”

ಐವತ್ತು ದಾಟಿದ ಹೆಂಗಸು ಬಿಳಿ ಸೀರೆಯ ಸೆರಗು ಸಿಕ್ಕಿಸಿಕೊಂಡು, ಕೈಪಂಪು ಒತ್ತಿ, ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಬೀದಿಯಲ್ಲಿ ನಡೆದರು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ನಾಲ್ಕನೇ ಬಿಂದಿಗೆಗೆ ಅತ್ತೆಯೇ ಓಡಿಬಂದು, “ವದ್ದಮ್ಮಾ, ವದ್ದು! ಬೇಡಮ್ಮ, ಇಳಿಸಿ, ಇಳಿಸಿ! ನಮ್ ಮರ್ಯಾದೆ ತೆಗೀಬೇಡಿ” ಅಂತ ತೆಲುಗು ಕನ್ನಡ ಎರಡನ್ನೂ ಕಲಸಿ ಕೈ ಹಿಡಿದರು. ಸಿಸ್ಟರು ಇಳಿಸಲಿಲ್ಲ. ತೊಟ್ಟಿ ತುಂಬಿದ ಮೇಲೆ ಅತ್ತೆ ಒಂದು ಲೋಟ ನೀರು ತಂದು ಕೊಟ್ಟರು. ಅದನ್ನು ಸಿಸ್ಟರು ಎರಡೂ ಕೈಯಲ್ಲಿ ಹಿಡಿದು ಕುಡಿದರು.

ಮೂರು ತಿಂಗಳು ಕಳೆಯಿತು. ನಾಲ್ಕು, ಐದು, ಆರು. ಮಾವಿನ ಕಾಲಕ್ಕೆ, ಏಳನೇ ತಿಂಗಳಲ್ಲಿ, ಆ ಅತ್ತೆಯೇ ಸೊಸೆಯನ್ನು ಕರೆದುಕೊಂಡು ಕೋಲಾರಕ್ಕೆ ಬಂದರು. ಗರ್ಭ ಮತ್ತೆ ಜಾರಿತ್ತು.

“ನಾನ್ ಹೊರಿಸ್ಲಿಲ್ಲ ಸಿಸ್ಟರಮ್ಮ, ದೇವರಾಣೆಗೂ” ಅಂದರು ಅತ್ತೆ. ಸೊಸೆ ನೆಲ ನೋಡುತ್ತಾ ಹೇಳಿದಳು: “ಮಳೆ ಬರೋ ಹಂಗಿತ್ತು. ಕಾಯಿ ನೆನೀತವೆ ಅಂತ ಒಂದೇ ಒಂದು ಮಂಕರಿ ಎತ್ತಿಬಿಟ್ಟೆ.”

ಆಸ್ಪತ್ರೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಮಾವಿನಕಾಯಿ ತುಂಬಿದ ಮಂಕರಿ ಬುಟ್ಟಿ ಎತ್ತಿದ್ದಾಳೆ, ಅವಳದೇ ತಪ್ಪು. ನಾನೂ ಅದನ್ನೇ ಹಿಡಿದುಕೊಳ್ಳಲು ನೋಡಿದೆ. ಬಟ್ಟೆ ಸ್ಟೋರಿಗೆ ಓಡಿಹೋಗಿ, “ಸಿಸ್ಟರ್, ದಾರದಿಂದ ಅಲ್ವಂತೆ” ಅಂದೆ. ಅವರು ಮಡಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತಲಿಲ್ಲ.

“ಮಂಕರಿಯಿಂದಾನೋ ದಾರದಿಂದಾನೋ, ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ. ಅವಳಿಗೆ ಹೊರಿಸಿ ನೀನು ಹಗುರ ಆಗ್ಬೇಡ.”

ಎರಡನೇ ಸಲ ಹೊಟ್ಟೆ ತೆರೆದಾಗ ಒಂದು ಹೊಲಿಗೆ ಇದ್ದಲ್ಲೇ ಇತ್ತು, ಇನ್ನೊಂದರ ಜಾಗದಲ್ಲಿ ಏನೂ ಇರಲಿಲ್ಲ. ಅಷ್ಟೇ. ಆ ದಿನಕ್ಕೆ ಮಾತ್ರ ಸಿಸ್ಟರನ್ನು ಥಿಯೇಟರಿಗೆ ಕಳುಹಿಸಬೇಕೆಂದು ಡಾಕ್ಟರಮ್ಮ ಹಟ ಹಿಡಿದಿದ್ದರು. ಸಿಸ್ಟರು ಬಂದು, ನನ್ನನ್ನೇ ಟ್ರೇಯ ಮುಂದೆ ನಿಲ್ಲಿಸಿದರು. ಆ ಸಲ ಹೊಸ ನೈಲಾನ್ ದಾರ. ಒಂದೊಂದನ್ನೂ ಕೈಗೆ ಸುತ್ತಿ ಎಳೆದು ನೋಡಿ ಕೊಟ್ಟೆ, ಗ್ಲೌಸಿನೊಳಗೆ ಬೆರಳು ಉರಿಯುತ್ತಿತ್ತು. ಡಾಕ್ಟರಮ್ಮ ಮೂಳೆಯ ಮುಂದೆ ಸೂಜಿ ಹಾಯಿಸುವಾಗ ಸಿಸ್ಟರು ನನ್ನ ಕಿವಿಯ ಹತ್ತಿರ ಬಂದು, “ಈಗ ಎಣಿಸು. ಜೋರಾಗಿ” ಅಂದರು.

ನಾನು ಎಣಿಸಿದೆ. ನನಗೇ ಗೊತ್ತಿಲ್ಲದೆ ತೆಲುಗಿನಲ್ಲಿ. ಅವರ ಮೂಗಿನಿಂದ ಒಂದು ಉಸಿರು ಬಂತು.

ಆ ಹೊಲಿಗೆ ನಿಂತಿತು. ಮೂರು ತಿಂಗಳು ನಾವು ಮತ್ತೆ ಬೈರಕೂರಿಗೆ ಹೋದೆವು, ಮತ್ತೆ ನೀರು ಹೊತ್ತೆವು. ಮೂರನೇ ತಿಂಗಳು, ವಾಪಸ್ ಬರುವ ಬಸ್ಸಿನಲ್ಲಿ, ತಾವಾಗಿಯೇ “ಪುಸ್ತಕ ತಂದಿದ್ದೀಯಾ?” ಅಂದರು. ಹೋದಾಗಲೆಲ್ಲ ತಂದಿದ್ದೆ, ಅವರಿಗೆ ಅದು ಗೊತ್ತಿತ್ತು. ಬಸ್ಸು ಕುಲುಕುತ್ತಿತ್ತು. ಕೊನೆಯ ಗೆರೆಯ ಮೇಲೆ ಬಿದ್ದ ಆ ಸೈ ಸೊಟ್ಟಗೆ, ಅರ್ಧ ಗೆರೆಯಿಂದ ಹೊರಗೆ ಹೋಗಿದೆ. ಅದನ್ನಿಟ್ಟುಕೊಂಡು ಮುಂದಿನ ಪರೀಕ್ಷೆಗೆ ಕೂತೆ.

ಸಿಸ್ಟರು ಮತ್ತೆ ಥಿಯೇಟರಿಗೆ ಬರಲಿಲ್ಲ. ಬಟ್ಟೆ ಸ್ಟೋರಿನಿಂದಲೇ ರಿಟೈರಾದರು. ಅವತ್ತು ಹಾರ ಹಾಕಿದವರು ಅವರ ಶಿಸ್ತು, ಸಮಯಪಾಲನೆ ಅಂತೆಲ್ಲ ಮಾತಾಡಿದರು. ರಿಜಿಸ್ಟರಿನ ಆ ಪುಟದ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಆಗ ಕೆಲಸಕ್ಕೆ ಸೇರಿದ್ದೆ, ಹಿಂದಿನ ಸಾಲಿನಲ್ಲೇ ಇದ್ದೆ. ನಾನೂ ಮಾತಾಡಲಿಲ್ಲ. ಅದು ಎರಡನೇ ಸಲ ಸುಮ್ಮನಿದ್ದದ್ದು.

ಡಿಗ್ರಿ ಸರ್ಟಿಫಿಕೇಟು ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಕಾಲೇಜಿನ ಆಫೀಸಿನಲ್ಲಿ ಇಸಿದುಕೊಂಡು, ಮಡಿಕೆ ಬೀಳದ ಹಾಗೆ ಎರಡು ರಟ್ಟಿನ ನಡುವೆ ಇಟ್ಟುಕೊಂಡು ಊರಿಗೆ ಹೋದೆ. ದೊಡ್ಡಪ್ಪ ಜಗಲಿಯ ಮೇಲಿದ್ದರು. ತೆಗೆದುಕೊಂಡು, ಇಂಗ್ಲಿಷು ಬಾರದಿದ್ದರೂ ಮೇಲಿಂದ ಕೆಳಗೆ ನೋಡಿ, ಮೊಹರಿನ ಮೇಲೆ ಬೆರಳು ಸವರಿ, “ಬಂತಲ್ಲ, ಬುಡು” ಅಂದು ವಾಪಸ್ ಕೊಟ್ಟರು.

ಅಮ್ಮ ಆಗಷ್ಟೇ ರೇಷ್ಮೆ ಮನೆಯಿಂದ ಬಂದಿದ್ದಳು. ಬೆರಳು ಬೆಳ್ಳಗೆ ಸುಕ್ಕಾಗಿದ್ದವು. ಸೆರಗಿಗೆ ಒರೆಸಿಕೊಂಡು ಕೈ ಚಾಚಿದಳು, ನಾನು ಅದನ್ನು ಅವಳ ಕೈಗೆ ಕೊಟ್ಟೆ. ಕೆಳಗಿನ ಸೈ ತೋರಿಸಿ, ಇದು ಯಾರದು ಅಂತ ಕೇಳಿದಳು.

“ಯೂನಿವರ್ಸಿಟಿಯ ದೊಡ್ಡೋರದಮ್ಮ.”

“ನೀನು ಮಾಡೋ ಕೆಲ್ಸ ನೋಡವ್ರಾ ಅವ್ರು?”

“ಇಲ್ಲ.”

ಅಮ್ಮ ಅದನ್ನು ಮತ್ತೆ ರಟ್ಟಿನ ನಡುವೆ ಇಟ್ಟಳು.

“ಹಂಗಾದ್ರೆ ಇದು ನಿಮ್ ದೊಡ್ಡಪ್ಪಂಗೆ ತೋರ್ಸೋಕೆ ಸರಿಯಾಗೈತೆ. ಆಯಮ್ಮ ಸೈ ಹಾಕವ್ರಲ್ಲ, ಆ ಪುಸ್ತಕ ಎಲ್ಲೈತೆ? ಅದ ತತ್ತಾ, ಕಣ್ಣಿಗೆ ಒತ್ಕೊತೀನಿ.”